ಶಟ್ಟೆವ್ವನ ದಪ್ಪ ರೊಟ್ಟಿ, ಸಪ್ನಾಳ ಮೂರು ಪ್ರಶ್ನೆ

ಶಟ್ಟೆವ್ವ ನನ್ನ ಮೈದುನ ಲಗಮಣ್ಣನ ಹೆಂಡತಿ, ನನಗೆ ನೆಗೆಣ್ಣಿ. ಹೂಲಿಯಿಂದ ಬೈಲಹೊಂಗಲದ ನಮ್ಮ ಮನೆಗೆ ಸೊಸೆಯಾಗಿ ಬಂದದ್ದು ತೊಂಬತ್ತನೆಯ ಇಸವಿಯಲ್ಲಿ. ಬಂದ ಮರುದಿನ ಅವಳು ಬಡಿದ ಮೊದಲ ರೊಟ್ಟಿಯನ್ನು ಹಂಚಿನಿಂದ ತೆಗೆದವಳು ನಾನೇ. ಹಪ್ಪಳದಷ್ಟು ತೆಳ್ಳಗಿರಬೇಕಾದದ್ದು ದಪ್ಪಗಿತ್ತು.

“ನಿಮ್ಮ ಹೂಲ್ಯಾಗ ರೊಟ್ಟಿ ಎತ್ತಿಗೆ ಮಾಡ್ತಾರೇನ?” ಎಂದೆ.

“ಎತ್ತು ಇಷ್ಟು ಬಿಸಿ ತಿನ್ನಂಗಿಲ್ಲಕ್ಕಾ,” ಎಂದಳು.

ಅತ್ತೆ ಬಿದ್ದು ಬಿದ್ದು ನಕ್ಕರು. ಹದಿನೆಂಟು ವರ್ಷ ನಾನು ಆ ಮನೆಯಲ್ಲಿ ದುಡಿದಿದ್ದೆ, ನನ್ನ ಒಂದು ಮಾತಿಗೂ ಅವರು ಹಾಗೆ ನಕ್ಕಿರಲಿಲ್ಲ.

ರೊಟ್ಟಿ ಬಡಿಯುವುದನ್ನು ನಾನೇ ಕಲಿಸಿದೆ. ಬೆರಳ ತುದಿಯಿಂದ ಹಿಟ್ಟನ್ನು ಅಂಚಿಗೆ ಸರಿಸುತ್ತ ಹೋಗಬೇಕು, ಇನ್ನೊಂದು ಏಟು ಬಿದ್ದರೆ ಹರಿಯುತ್ತದೆ ಎನ್ನುವಾಗ ಕೈ ನಿಲ್ಲಿಸಬೇಕು. ಅವಳ ಕೈ ನಾಲ್ಕು ಏಟು ಮೊದಲೇ ನಿಲ್ಲುತ್ತಿತ್ತು. ಹೇಳಿದರೆ ನಗುತ್ತಿದ್ದಳು.

ತೊಂಬತ್ತಾರರಲ್ಲಿ ನನ್ನ ಯಜಮಾನರು ತೀರಿಕೊಂಡರು. ಲಗಮಣ್ಣ ಸಂಜೆ ಮಾರ್ಕೆಟ್ಟಿನಿಂದ ಬರುವಾಗ ಹೆಂಡತಿಗೆ ಒಂದು ಮೊಳ ಮಲ್ಲಿಗೆ ತರುತ್ತಿದ್ದ. ಅವಳು ಹೂ ಮುಡಿಯುವಾಗ ನನಗೆ ಕಾಣಬಾರದೆಂದು ಗೋಡೆಯ ಕಡೆ ತಿರುಗುತ್ತಿದ್ದಳು. ಅವಳ ಆ ಒಳ್ಳೆಯತನವೂ ನನಗೆ ಸೇರುತ್ತಿರಲಿಲ್ಲ.

ಮುಂದೆ ಮಾರ್ಕೆಟ್ಟಿನಲ್ಲಿ ಚೀಲ ಎತ್ತುವಾಗ ಲಗಮಣ್ಣನ ಕಾಲು ಮುರಿಯಿತು. ಶಟ್ಟೆವ್ವ ಅಳುತ್ತ ಕೂರಲಿಲ್ಲ. ಖಾನಾವಳಿಗಳಿಗೆ ರೊಟ್ಟಿ ಬಡಿದುಕೊಟ್ಟು ಮನೆ ನಡೆಸಿದಳು. ಅದನ್ನು ನೋಡಿ ನಾನೂ ಶುರು ಮಾಡಿದೆ. ಅಷ್ಟರಲ್ಲಿ ಮನೆ ಪಾಲಾಗಿತ್ತು; ಗೋಡೆಯ ಆ ಕಡೆ ಅವಳ ಒಲೆ, ಈ ಕಡೆ ನನ್ನದು. ಅವಳ ಕೈಯ ಸಪ್ಪಳ ನಿಂತ ಮೇಲೆಯೇ ನಾನು ಒಲೆಯ ಮುಂದಿನಿಂದ ಏಳುತ್ತಿದ್ದೆ.

ಎರಡು ಸಾವಿರದ ಏಳರಲ್ಲಿ ನಮ್ಮ ಓಣಿಯ ಸಪ್ನಾ, ಕಾಲೇಜು ಮುಗಿಸಿದವಳು, ಇಂಟರ್‌ನೆಟ್ಟಿನಲ್ಲಿ ಕಡಕ ರೊಟ್ಟಿ ಮಾರುವ ಅಂಗಡಿ ತೆರೆದಳು. ಪುಣೆ, ಮುಂಬೈಯ ಜನ ಕಂಪ್ಯೂಟರಿನಲ್ಲೇ ಕೇಳುತ್ತಿದ್ದರು, ನಮ್ಮಿಬ್ಬರ ರೊಟ್ಟಿ ಕೊರಿಯರ್‌ನಲ್ಲಿ ಹೋಗುತ್ತಿತ್ತು. ಮರುವರ್ಷ ಪುಣೆಯ ಒಂದು ದೊಡ್ಡ ಅಂಗಡಿಯವರು ತಿಂಗಳಿಗೆ ಐದುನೂರು ರೊಟ್ಟಿ ಬೇಕೆಂದರು. ಪೊಟ್ಟಣದ ಮೇಲೆ ಮಾಡಿದವರ ಹೆಸರು ಇರಬೇಕು, ಅದೂ ಒಂದೇ ಹೆಸರು. ಆ ಹೆಸರು ನನ್ನದಾಗಬೇಕು ಎಂಬ ಆಸೆ ನನ್ನ ಹೊಟ್ಟೆಯಲ್ಲಿ ಕೆಂಡದಂತೆ ಕೂತಿತು.

“ಯಾರ ಹೆಸರು ಹಾಕಲಿ ದೊಡ್ಡವ್ವಾ?” ಎಂದು ಸಪ್ನಾ ತಲೆ ಕೆರೆದುಕೊಂಡಳು. “ತಿಂದವರನ್ನ ಕೇಳೋಣ ಅಂದ್ರ, ಹ್ವಾದ ಸಲ ಇಪ್ಪತ್ತು ಪ್ರಶ್ನೆ ಕಳಿಸಿದ್ದೆ. ಉತ್ತರ ಕೊಟ್ಟವರು ಇಬ್ಬರ. ಅದರಾಗ ಒಬ್ರು ನಮ್ಮ ಸೋದರಮಾವ.”

“ಇಪ್ಪತ್ತು ಪ್ರಶ್ನೆ ಕೇಳಾಕ ನೀ ಏನ ಹೆಣ್ಣು ನೋಡಾಕ ಹೊಂಟಿದ್ದೇನ?” ಎಂದಳು ಶಟ್ಟೆವ್ವ.

ಸಪ್ನಾ ಮೂರೇ ಪ್ರಶ್ನೆ ಇಟ್ಟಳು. ರುಚಿ ಹಿಡಿಸಿತೇ? ರೊಟ್ಟಿ ಮುರಿಯದೆ ಬಂತೇ? ಮತ್ತೆ ತರಿಸುತ್ತೀರಾ? ಹೌದು, ಇಲ್ಲ, ಎರಡರಲ್ಲಿ ಒಂದನ್ನು ಒತ್ತಿದರೆ ಮುಗಿಯಿತು. ಕೊನೆಗೆ ಮನಸ್ಸಿದ್ದವರಿಗೆ ಒಂದು ಸಾಲು ಬರೆಯಲು ಜಾಗ.

“ಇಬ್ಬರದೂ ಬ್ಯಾರೆ ಬ್ಯಾರೆ ಕೇಳವ್ವಾ, ಕಲಸಬ್ಯಾಡ,” ಎಂದು ಹಟ ಹಿಡಿದವಳು ನಾನೇ. ದಪ್ಪ ರೊಟ್ಟಿಯ ಬಂಡವಾಳ ಪುಣೆಯವರ ಬಾಯಲ್ಲೇ ಬಯಲಾಗಲಿ ಎಂಬುದು ನನ್ನ ಲೆಕ್ಕ.

ಹತ್ತು ದಿನದಲ್ಲಿ ಇಬ್ಬರ ರೊಟ್ಟಿಗೂ ನಲವತ್ತು ನಲವತ್ತು ಉತ್ತರ ಬಂದವು. ಸಪ್ನಾ ಓದಿದಳು. ರುಚಿಗೆ ನನಗೆ ಮೂವತ್ತಾರು ಹೌದು, ಶಟ್ಟೆವ್ವನಿಗೆ ಇಪ್ಪತ್ತೊಂಬತ್ತು. ನಾನು ಸೆರಗು ಸರಿಮಾಡಿಕೊಂಡು ಕೂತೆ. ಮುರಿಯದೆ ಬಂದದ್ದು ನನ್ನದು ಒಂಬತ್ತು, ಅವಳದು ಮೂವತ್ತೆಂಟು. ಮತ್ತೆ ತರಿಸುವವರು ನನಗೆ ಹನ್ನೆರಡು, ಅವಳಿಗೆ ಮೂವತ್ತೈದು.

“ಇಕಿ ತವರುಮನಿಯವರು ಕುಂತು ಒತ್ತ್ಯಾರ!” ಎಂದೆ.

“ಕೊಂಡವರಿಗಷ್ಟ ಒತ್ತಾಕ ಬರತೈತಿ ದೊಡ್ಡವ್ವಾ, ಅದೂ ಒಂದ ಸಲ.”

“ನನಗ ಏನರ ಬರದಾರೇನ?”

ಸಪ್ನಾ ತಡವರಿಸಿದಳು. “ಒಬ್ರು ಬರದಾರ್ರಿ. ರುಚಿ ಭಾಳ ಚಲೋ, ಚಮಚೆಲೆ ತಿಂದ್ವಿ ಅಂತ.”

ಅಂಗಡಿ ತೆರೆದಾಗಿನಿಂದ ನನ್ನ ರೊಟ್ಟಿ ಪುಣೆ, ಮುಂಬೈಗೆ ಹಿಟ್ಟಾಗಿ ಹೋಗುತ್ತಿತ್ತು. ಇಷ್ಟು ದಿನ ಒಬ್ಬರೂ ಬಾಯಿಬಿಟ್ಟಿರಲಿಲ್ಲ, ಸುಮ್ಮನೆ ತರಿಸುವುದನ್ನು ಬಿಟ್ಟಿದ್ದರು. ಬೈಲಹೊಂಗಲದಲ್ಲಿ ಎಲ್ಲರೂ ಹೊಗಳಿದ ತೆಳುವೇ ಲಾರಿಯಲ್ಲಿ ನನ್ನ ಮರ್ಯಾದೆ ಕಳೆದಿತ್ತು.

“ಅಕ್ಕಾ, ಹೂಲ್ಯಾಗ ನಮ್ಮ ಹೊಲ ಊರಿಂದ ಎರಡು ಹರದಾರಿ ದೂರ,” ಎಂದಳು ಶಟ್ಟೆವ್ವ ಮೆಲ್ಲಗೆ. “ಬುತ್ತಿ ತಲಿಮ್ಯಾಲೆ ಹೊತ್ಕೊಂಡು ಹೋಗಬೇಕಿತ್ತು. ಅದಕ್ಕ ನಮ್ಮವ್ವ ದಪ್ಪ ಬಡ್ಯಾಕ ಕಲಿಸಿದ್ಲು.”

ಅವಳು ಹಿಗ್ಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಪೊಟ್ಟಣದ ಮೇಲೆ ಅವಳ ಹೆಸರು ಅಚ್ಚಾಯಿತು. ಐದುನೂರು ಒಬ್ಬಳ ಕೈಲಾಗದು. ವಾರದ ಮೇಲೆ ಅವಳೇ ನನ್ನ ಬಾಗಿಲಿಗೆ ಬಂದು, “ಬರ್ರಿ ಅಕ್ಕಾ, ಹಿಟ್ಟು ನೀವು ನಾದ್ರಿ. ನಿಮ್ಮ ಹದ ನನಗ ಬರಂಗಿಲ್ಲ,” ಎಂದಳು. ಎರಡು ದಿನ ಹೋಗಲಿಲ್ಲ. ಮೂರನೆಯ ದಿನ ಹೋದೆ. ಹಿಟ್ಟು ನಾನು ನಾದಿದೆ, ಬಡಿದವಳು ಅವಳು.

ಮುಂದಿನ ತಿಂಗಳ ಉತ್ತರ ಬಂದ ದಿನ ಸಪ್ನಾಳ ಮನೆಗೆ ನಾನೊಬ್ಬಳೇ ಹೋದೆ. ಮುರಿಯದೆ ಬಂದದ್ದು ನಲವತ್ತಕ್ಕೆ ಮೂವತ್ತೆಂಟು, ಮೊದಲಿನಷ್ಟೇ. ರುಚಿಗೆ ಇಪ್ಪತ್ತೊಂಬತ್ತಿದ್ದದ್ದು ಮೂವತ್ತೇಳು.

“ಶಟ್ಟೆವ್ವ ಕಾಕುಗ ಹೇಳ್ರಿ, ಖುಷಿ ಪಡ್ತಾರ,” ಎಂದಳು ಸಪ್ನಾ.

ಮೂವತ್ತೆಂಟನ್ನು ಮನೆಗೆ ಬಂದು ಹೇಳಿದೆ. ಮೂವತ್ತೇಳನ್ನು ಹೇಳಲಿಲ್ಲ.