ಒಬ್ಬೊಬ್ಬರಾಗಿ ಹಾಡಿದ ಹಾಡು

ನೊಬಾಂಟು ಅಕ್ಕನನ್ನು ನಮ್ಮ ಕರಿಯರ ಕೇರಿ ನ್ಯೂ ಬ್ರೈಟನ್ನಿನಲ್ಲಿ ಪಾದ್ರಿಯೂ ಬಲ್ಲ, ಪೊಲೀಸರೂ ಬಲ್ಲರು. ಅಂಚೆ ಕಚೇರಿಯಲ್ಲಿ ಬಿಳಿಯರಿಗೆಂದೇ ಇದ್ದ ಬಾಗಿಲಿನಿಂದ ನಮ್ಮಂಥ ಹೆಂಗಸರನ್ನು ಕಟ್ಟಿಕೊಂಡು ಒಳನುಗ್ಗಿದವಳು ಅವಳೇ. ಜೈಲಿಗೆ ಹೋಗಿ ಬಂದಳು, ಮತ್ತೆ ಹೋದಳು. ಇವಳು ಜಗ್ಗುವವಳಲ್ಲ ಎಂದು ತಿಳಿದ ಮೇಲೆ ಸರ್ಕಾರ ಹೊಸ ಅಪ್ಪಣೆ ಹೊರಡಿಸಿತು: ಅಂಗಳ ದಾಟಬಾರದು, ಮನೆಯವರನ್ನು ಬಿಟ್ಟು ಒಂದು ಸಲಕ್ಕೆ ಒಬ್ಬರಿಗಿಂತ ಹೆಚ್ಚು ಜನರ ಜೊತೆ ಇರಬಾರದು. ಹಾಳಾದವರು, ಅವಳ ಜೀವ ಎಲ್ಲಿದೆ ಎಂದು ಸರಿಯಾಗಿಯೇ ಕಂಡುಕೊಂಡಿದ್ದರು.

ಅವಳ ಜೀವ ಇದ್ದದ್ದು ನಮ್ಮ ಚರ್ಚಿನ ಹಾಡುಗಾರರ ಗುಂಪಿನಲ್ಲಿ. ಚರ್ಚು ಅವಳ ಮನೆಯ ಹಿಂದೆಯೇ. ಭಾನುವಾರ ನಾವು ಹಾಡುವಾಗ ಬೇಲಿ ಹಿಡಿದು ನಿಂತಿರುತ್ತಿದ್ದಳು.

"ತೆಂಬೆಕಾ, ನಿನ್ನೆ ಎರಡನೇ ಸಾಲು ಎಳೆದೂ ಎಳೆದೂ ಕೆಡಿಸಿದ್ರಲ್ಲೇ" ಎಂದು ಮರುದಿನ ನನ್ನನ್ನು ಬೈಯುವಳು. ಬೈದು ಮುಗಿಸಿ ಆ ಹಳೇ ಏಪ್ರನ್ನಿನಲ್ಲೇ ಕಣ್ಣೊರೆಸಿಕೊಳ್ಳುವಳು.

ಅವಳ ಜೊತೆಗಿದ್ದ ತಾಯಿ ತೀರಿಕೊಂಡಳು. ನಿನ್ನ ಮಣ್ಣಿಗೆ ಎಲ್ಲರ ಜೊತೆ ನಿಂತು ಹಾಡುತ್ತೇನೆ ಎಂದು ಅಕ್ಕ ತಾಯಿಗೆ ಮಾತು ಕೊಟ್ಟಿದ್ದಳು. ಅನುಮತಿ ಕೇಳಿದಳು, ಕೊಡಲಿಲ್ಲ. ಅವಳಿಲ್ಲದೆಯೇ ಮಣ್ಣು ಮಾಡಿದೆವು.

ಮಣ್ಣು ಮಾಡಿದವರು ಸತ್ತವರ ಮನೆಗೆ ಬಂದು ಕೈ ತೊಳೆಯಲೇಬೇಕು, ಅದು ನಮ್ಮ ಪದ್ಧತಿ. ಗೇಟಿನಲ್ಲಿ ನೀರಿನ ಬೋಗುಣಿ ಇತ್ತು, ಪಕ್ಕದಲ್ಲಿ ಸಾರ್ಜೆಂಟ್ ಇದ್ದ.

"ಒಬ್ರೇ ಒಳಗೆ ಹೋಗ್ಬೇಕು" ಎಂದ.

"ಒಬ್ನೇ ಹೋಗ್ತೀನಪ್ಪ. ನನ್ ಹೊಟ್ಟೆ ನೋಡಿ ಇಬ್ರು ಅಂತ ಎಣಿಸ್ಬೇಡ" ಎಂದ ನಮ್ಮ ದಪ್ಪ ದನಿಯ ಮುದುಕ ಡುಮಿಲೆ.

ಕೈ ತೊಳೆದು ಒಳಹೋದವನು ತಾಯಿಯ ಮಣ್ಣಿನಲ್ಲಿ ಎಲ್ಲರೂ ಸೇರಿ ಹಾಡಿದ ಹಾಡಿನಲ್ಲಿ ತನ್ನ ದನಿಗಿದ್ದ ಪಾಲನ್ನು ಒಬ್ಬನೇ ಹಾಡಿದ. ಅದರ ಜೊತೆ ಅಕ್ಕನ ದನಿ ಸೇರಿದ್ದು ಬೀದಿಗೆ ಕೇಳಿತು. ಅವನು ಹೊರಬಂದ ಮೇಲೆ ಇನ್ನೊಬ್ಬರು ಹೋದರು, ಆಮೇಲೆ ಮತ್ತೊಬ್ಬರು. ಪ್ರತಿ ಸಲವೂ ಇಬ್ಬರದೇ ದನಿ. ಎಲ್ಲರೂ ಒಟ್ಟಿಗೆ ಹಾಡಿದರೆ ಆ ಹಾಡು ಹೇಗಿರುತ್ತದೆಂದು ನಾನು ಬಲ್ಲೆ.

ನಾನು ಹೋದಾಗ ಅಕ್ಕ ಒಲೆಯ ಪಕ್ಕ ನಿಂತಿದ್ದಳು.

"ನಿನ್ ಹಿಂದೆ ಯಾರಿದಾರೆ?"

"ಯಾರೂ ಇಲ್ಲಕ್ಕ. ನಾನೇ ಕೊನೆ."

"ಹಂಗಾದ್ರೆ ಆ ಎರಡನೇ ಸಾಲು ಎಳಿ ಕಣೆ. ಎಷ್ಟಾಗುತ್ತೋ ಅಷ್ಟೂ ಎಳಿ."

ಎಳೆದೆ. ನನಗೆ ಉಸಿರು ಸಾಲದಾದಾಗ ಅವಳು ಎಳೆದಳು. ಸಾರ್ಜೆಂಟ್ ಬಂದು ಬಾಗಿಲು ಬಡಿಯುವವರೆಗೂ ನಾವು ಮೂರನೇ ಸಾಲಿಗೆ ಹೋಗಲಿಲ್ಲ.