ಒಣಗದ ಬಿಳಿ ಅಂಗಿ

ಆ ದಿನ ಬೆಳಿಗ್ಗೆ ನಾನು ಎದ್ದು ಹಿತ್ತಿಲ ಬಾಗಿಲು ತೆಗೆಯುವ ಹೊತ್ತಿಗೆ ಪಕ್ಕದ ಮನೆಯ ಮುನಿಯಮ್ಮ ಹಸು ಕರೆದು, ಹಾಲಿನ ತಂಬಿಗೆಯನ್ನು ನಮ್ಮ ಕಟ್ಟೆಯ ಮೇಲಿಟ್ಟು ಹೋಗಿದ್ದರು. ಒಲೆ ಹಚ್ಚಿ ಕಾಫಿ ಸೋಸಿದೆ. ನಮ್ಮವರಿಗೆ ಉಪ್ಪಿಟ್ಟು ಕೊಟ್ಟು, ಡಬ್ಬಿ ಕಟ್ಟಿದೆ. ಅವರು ಆಗ ಯಶವಂತಪುರ ಸ್ಟೇಷನ್ನಿನ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರು. ಅವರ ಸೈಕಲ್ ಬೆಲ್ಲು ತಿರುವಿನಲ್ಲಿ ಒಮ್ಮೆ ಕೇಳಿಸಿತೆಂದರೆ ಆಮೇಲೆ ಮನೆಯಲ್ಲಿ ನಾನೊಬ್ಬಳೇ. ಗಾಳಿ ಸೋಪಿನ ಕಾರ್ಖಾನೆಯ ಕಡೆಯಿಂದ ಬೀಸುತ್ತಿತ್ತು. ಅಂಥ ದಿನ ನಮ್ಮ ಬೀದಿಗೆಲ್ಲ ಗಂಧದ ವಾಸನೆ. ಆಕಾಶ ತಿಳಿಯಾಗಿತ್ತು. ಬಟ್ಟೆ ಒಗೆಯುವುದಕ್ಕೆ ಒಳ್ಳೆಯ ದಿನ ಎಂದುಕೊಂಡೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥ ಸಂಗತಿಗಳನ್ನು ನಂಬಿದವಳಲ್ಲ. ಕಾನ್ವೆಂಟಿನಲ್ಲಿ ಓದಿದವಳು. ಹುಡುಗಿಯರು ದೆವ್ವದ ಕಥೆ ಶುರುಮಾಡಿದರೆ ನಮ್ಮ ಸಿಸ್ಟರ್ ಎದ್ದು ಹೋಗಿ ತರಗತಿಯ ಕಿಟಕಿಗಳನ್ನೆಲ್ಲ ತೆರೆದುಬಿಡುತ್ತಿದ್ದರು, ಅಷ್ಟೇ. ಮದುವೆಯಾಗಿ ಬಂದ ಮೇಲೆ, ಹಲ್ಲಿ ಲೊಚಗುಟ್ಟಿದಾಗ ನಮ್ಮ ಅತ್ತೆ ಬೆರಳಿನಿಂದ ನೆಲ ಕುಟ್ಟಿದರೆ ನಾನು ಅಡಿಗೆಮನೆಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದೆ. ಈಗ ಬರೆಯುತ್ತಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ಹಾಗೆಯೇ ನಗುತ್ತಿದ್ದೆನೇನೋ.

ನನ್ನ ತಮ್ಮ ಸುಂದರ ನೌಕಾಪಡೆಯಲ್ಲಿ ನಾವಿಕ. ಅಮ್ಮ ತೀರಿಕೊಂಡ ಮೇಲೆ ಅವನನ್ನು ಸಾಕಿದವಳು ನಾನೇ. ನೀರೆಂದರೆ ಹೆಬ್ಬಾಳದ ಕೆರೆಯನ್ನಷ್ಟೇ ಕಂಡಿದ್ದ ಹುಡುಗ ಸಮುದ್ರಕ್ಕೆ ಹೋಗುತ್ತೇನೆಂದಾಗ ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಆ ವರ್ಷ ದೀಪಾವಳಿಗೆ ರಜ ಹಾಕಿ ಬಂದಿದ್ದವನು ಹೊರಡುವ ಗಡಿಬಿಡಿಯಲ್ಲಿ ಒಂದು ಬಿಳಿ ಅಂಗಿಯನ್ನು ಟ್ರಂಕಿನ ಹಿಂದೆ ಬಿಟ್ಟುಹೋಗಿದ್ದ. ನಾವಿಕರು ತೊಡುವ ಚೌಕದ ಕತ್ತಿನ ಅಂಗಿ. ಕತ್ತಿನ ಒಳಗಡೆ ಅಗಸರು ಹಾಕುವ ಮಸಿಯ ಗುರುತಿತ್ತು, ಒಂದು ಅಡ್ಡಗೆರೆ, ಅದರ ಮೇಲೆ ಚುಕ್ಕಿ. ಒಗೆದು, ಇಸ್ತ್ರಿ ಮಾಡಿ, ಪಾರ್ಸೆಲ್ ಕಳಿಸೋಣವೆಂದು ಅದನ್ನು ಆ ದಿನ ತೆಗೆದುಕೊಂಡೆ.

ಬಿಳಿ ಬಟ್ಟೆಯ ಬಕೆಟ್ಟು ನಮ್ಮಲ್ಲಿ ಯಾವಾಗಲೂ ಬೇರೆ. ಹೊಸ ಬಣ್ಣದ ಸೀರೆಯಾದರೆ ಬಣ್ಣ ಬಿಡದಿರಲೆಂದು ಉಪ್ಪು ನೀರಿನಲ್ಲಿ ನೆನೆಸುತ್ತೇವೆ. ಆ ದಿನ ಬಣ್ಣದ ಬಟ್ಟೆಯೇ ಇರಲಿಲ್ಲ. ನಮ್ಮವರ ಎರಡು ಶರಟು, ಪಂಚೆ, ದಿಂಬಿನ ಚೀಲ, ಸುಂದರನ ಅಂಗಿ. ಎಲ್ಲವನ್ನೂ ಒಂದೇ ಬಾವಿಯ ನೀರಿನಲ್ಲಿ ಜಾಲಿಸಿ, ನೀಲಿ ಅದ್ದಿ, ಅನ್ನ ಬಸಿದ ಗಂಜಿ ಹಾಕಿ ಹಿಂಡಿದೆ. ಅನ್ನಕ್ಕೆ ನಾವು ಉಪ್ಪು ಹಾಕುವವರಲ್ಲ. ಹಿತ್ತಿಲ ತಂತಿಯ ಮೇಲೆ ಸಾಲಾಗಿ ಹರವಿದೆ. ಸುಂದರನ ಅಂಗಿ ಬೇಲಿಯ ಕಡೆಯ ತುದಿಗೆ ಬಂತು.

ಮಧ್ಯಾಹ್ನ ಹೋಗಿ ನೋಡಿದರೆ ಉಳಿದೆಲ್ಲ ಬಟ್ಟೆ ಒಣಗಿ ಗರಿಗರಿಯಾಗಿದ್ದವು. ಅಂಗಿ ಮಾತ್ರ ಈಗತಾನೆ ಹಿಂಡಿದ ಹಾಗೆ ತಣ್ಣಗಿತ್ತು. ಬಟ್ಟೆ ದಪ್ಪವಿರಬೇಕು ಎಂದುಕೊಂಡು ತಿರುವಿ ಹಾಕಿದೆ. ಒಳಗೆ ಬಂದು, ಅವರೆಕಾಳಿನ ಬಟ್ಟಲನ್ನು ಮುಂದಿಟ್ಟುಕೊಂಡು ರೇಡಿಯೊ ಹಾಕಿದೆ.

ಇಂಗ್ಲಿಷ್ ವಾರ್ತೆ ಬರುತ್ತಿತ್ತು. ಪೂರ್ವ ಕರಾವಳಿಗೆ ಬೆಳಗಿನ ಜಾವ ಚಂಡಮಾರುತ ಬಡಿದಿದೆ, ಬಂದರಿನೊಳಗೆ ಲಂಗರು ಹಾಕಿದ್ದ ನೌಕಾಪಡೆಯ ಹಡಗುಗಳು ಕಿತ್ತುಹೋಗಿ ಕಲ್ಲಿನ ಕಟ್ಟೆಗೆ ಅಪ್ಪಳಿಸಿವೆ, ಕೆಲವು ಮಗುಚಿವೆ, ನಾವಿಕರು ಕಾಣೆಯಾಗಿದ್ದಾರೆ. ಬಂದರಿನ ಹೆಸರನ್ನೂ ಹೇಳಿದರು. ಸುಂದರನ ಹಡಗು ನಿಂತಿದ್ದ ಬಂದರೇ ಅದು. ಮುಂದಿನ ಸುದ್ದಿ ಕಬ್ಬಿನ ಬೆಲೆಯದು.

ನಾನು ಅಳಲಿಲ್ಲ. ಎದ್ದು ಯಾರನ್ನೂ ಕರೆಯಲೂ ಇಲ್ಲ. ಅವರೆಕಾಳು ಹಿಸುಕುತ್ತಲೇ ಇದ್ದೆ. ರೇಡಿಯೊದಲ್ಲಿ ವೀಣೆ ಶುರುವಾಯಿತು, ಮುಗಿಯಿತು, ಆಮೇಲೆ ಬರೀ ಕೊರಕೊರ ಸದ್ದು. ಎಷ್ಟೋ ಹೊತ್ತಿನ ಮೇಲೆ ನೋಡಿದರೆ ಪಾತ್ರೆಯ ತುಂಬ ಸಿಪ್ಪೆಯಿತ್ತು, ಬೇಳೆಯೆಲ್ಲ ಕಸದ ಮೊರದಲ್ಲಿತ್ತು. ಅದನ್ನೂ ಒಂದೊಂದಾಗಿ ಆರಿಸಿ ತೊಳೆದಿಟ್ಟೆ. ಕೈಗಳು ಬೇರೆ ಯಾರದೋ ಎಂಬಂತೆ ಅವುಗಳನ್ನೇ ನೋಡುತ್ತಿದ್ದದ್ದು ನೆನಪಿದೆ. ನಡುನಡುವೆ ಎದ್ದು ಹೋಗಿ ಅಂಗಿಯನ್ನು ಮುಟ್ಟುತ್ತಿದ್ದೆ. ಬಿಸಿಲು ಅದರ ಮೇಲೇ ಬಿದ್ದಿತ್ತು. ಅದು ಒಣಗಲಿಲ್ಲ. ಅದು ಒಣಗಿದರೆ ಸುಂದರ ಬದುಕಿರುತ್ತಾನೆ ಎಂದು ಯಾವಾಗ ಅಂದುಕೊಳ್ಳತೊಡಗಿದೆನೋ ಗೊತ್ತಿಲ್ಲ. ಹಲ್ಲಿಗೆ ನಕ್ಕವಳು ನಾನು.

ನಮ್ಮವರು ಆಫೀಸಿನಲ್ಲಿಯೇ ಸುದ್ದಿ ಕೇಳಿ ಬೇಗ ಬಂದರು. "ಟೆಲಿಗ್ರಾಂ ಕೊಟ್ಬರ್ತೀನಿ. ನೀನು ಒಂದ್ ಲೋಟ ಏನಾದ್ರೂ ಕುಡಿ," ಎಂದು, ಟೋಪಿ ಕೂಡ ತೆಗೆಯದೆ ಸೈಕಲ್ ತಿರುಗಿಸಿಕೊಂಡು ಹೋದರು. ನಾನು ತಂತಿಯ ಬಳಿ ನಿಂತೇ ಇದ್ದೆ.

ಓದುವವರನ್ನು ಕಾಯಿಸುವುದು ನನಗಿಷ್ಟವಿಲ್ಲ. ಸುಂದರ ಬದುಕಿದ್ದ. ಕೆಲವು ದಿನಗಳಾದ ಮೇಲೆ ಟೆಲಿಗ್ರಾಂ ಬಂತು, ಸಂಕ್ರಾಂತಿಯ ಹೊತ್ತಿಗೆ ಅವನೇ ಬಂದ. ಅರ್ಧ ಆಗಿದ್ದ. ಆ ಬೆಳಗಿನ ವಿಷಯವನ್ನು ಒಂದು ಸಲ ಮಾತ್ರ ಹೇಳಿದ. "ಹಗ್ಗ ಅಲ್ಲಕ್ಕ, ಕಬ್ಬಿಣದ ಸರಪಳಿ. ದಾರದ ಥರ ಕಿತ್ಹೋಯ್ತು. ಇಷ್ಟ್ ದೊಡ್ಡ ಹಡಗು, ಪಕ್ಕದ್ ಹಡಗಿನ ಮೇಲೇ ಹತ್ಬಿಟ್ಟಿತ್ತು. ಬಂದರಲ್ಲಿದ್ರೆ ಏನೂ ಆಗಲ್ಲ ಅಂತಿದ್ವಿ ನಾವು." ಅವನ ಹಡಗು ಮರಳಿಗೆ ಸಿಕ್ಕಿಕೊಂಡು ಓರೆಯಾಗಿ ನಿಂತಿತಂತೆ. ಪಕ್ಕದ ಚಿಕ್ಕ ಹಡಗು ಮಗುಚಿತು.

ಕೊನೆಗೂ ಒಣಗಿದ ಮೇಲೆ ಮಡಿಸಿಟ್ಟಿದ್ದ ಅಂಗಿಯನ್ನು ನಾನು ತಂದುಕೊಟ್ಟೆ. ಅವನು ಕತ್ತು ತಿರುವಿ ಒಳಗಿನ ಗುರುತು ನೋಡಿದ.

"ಇದು ನಂದಲ್ಲಕ್ಕ. ನಂದಕ್ಕೆ ಎರಡು ಗೆರೆ. ಇದು ಮ್ಯಾಥ್ಯೂದು."

ಅವರಿಗೆಲ್ಲ ಅಗಸ ಒಬ್ಬನೇ, ಬಟ್ಟೆ ಅದಲುಬದಲಾಗುವುದು ಅವರಲ್ಲಿ ಮಾಮೂಲು. ಮ್ಯಾಥ್ಯೂ ಆ ಮಗುಚಿದ ಹಡಗಿನಲ್ಲಿದ್ದ. ಸಿಗಲಿಲ್ಲ. ಕೇರಳದ ಹುಡುಗ, ಸಿನಿಮಾ ಹುಚ್ಚು, ತಾಯಿಗೆ ಒಬ್ಬನೇ ಮಗ ಎಂದಷ್ಟು ಹೇಳಿ ಸುಂದರ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ಮತ್ತೆ ಮಡಿಸಿದ. ಅದನ್ನು ಆ ತಾಯಿಗೆ ಕಳಿಸಿದೆವು. ಒಂದು ದಿನವೆಲ್ಲ ನಾನು ಕಾವಲು ಕಾದದ್ದು ಅವಳ ಮಗನ ಅಂಗಿಗೆ. ಅವನಿಗಾಗಿ ಒಂದು ಸಲವೂ ಪ್ರಾರ್ಥಿಸಿರಲಿಲ್ಲ. ಅವನೆಂಬುವನೊಬ್ಬ ಇದ್ದಾನೆಂದೇ ನನಗೆ ಗೊತ್ತಿರಲಿಲ್ಲ.

ಇಷ್ಟು ವರ್ಷಗಳಲ್ಲಿ ನಾನೇ ನನಗೆ ಬೇಕಾದಷ್ಟು ಸಮಾಧಾನ ಹೇಳಿಕೊಂಡಿದ್ದೇನೆ. ಬಟ್ಟೆ ದಪ್ಪ, ಗಂಜಿ ಹೆಚ್ಚಾಗಿತ್ತು, ಹೆದರಿದ ಮನಸ್ಸಿಗೆ ಒಣಗಿದ್ದೂ ಒದ್ದೆಯಾಗಿ ಕಂಡಿರಬೇಕು. ನಮ್ಮವರಿಗೂ ಇಷ್ಟನ್ನೇ ಹೇಳಿದ್ದು. ಆದರೆ ಅವರಿಗೆ ಹೇಳದೆ ಉಳಿದದ್ದು ಒಂದಿದೆ. ಅದಕ್ಕೆ ಯಾವ ಸಮಾಧಾನವನ್ನೂ ಹೊಂದಿಸಲು ನನ್ನಿಂದ ಆಗಿಲ್ಲ.

ನಮ್ಮವರು ಟೆಲಿಗ್ರಾಂ ಕೊಡಲು ಹೋಗಿದ್ದ ಆ ಸಂಜೆಯೇ, ದೀಪ ಹಚ್ಚುವ ಹೊತ್ತಿನಲ್ಲಿ, ಮುನಿಯಮ್ಮ ಹಾಲು ತಂದರು. ಅವರ ಮನೆಯಲ್ಲಿ ರೇಡಿಯೊ ಇಲ್ಲ, ಅವರಿಗೆ ಏನೂ ಗೊತ್ತಿರಲಿಲ್ಲ. ನಾನಿನ್ನೂ ತಂತಿಯ ಬಳಿಯೇ ಇದ್ದೆ. ಹಾಲನ್ನು ನಮ್ಮ ಪಾತ್ರೆಗೆ ಬಗ್ಗಿಸುತ್ತ ಅವರು ಬೇಲಿಯ ಕಡೆ ಗಲ್ಲ ತೋರಿಸಿ ನಕ್ಕರು.

"ಮದ್ಯಾನ ನೀವು ಒಳಗೋದಾಗೆಲ್ಲ ನಮ್ಮ ಅಸ ಬೇಲಿ ಮ್ಯಾಗಿಂದ ಕತ್ ಚಾಚ್ಕೊಂಡು ನಿಮ್ಮ ಆ ಅಂಗಿನೇ ನೆಕ್ತಿತ್ತು ಕಣಮ್ಮಾ. ಬ್ಯಾರೆ ಬಟ್ಟೆ ತಂಟೆಗೇ ಓಗ್ಲಿಲ್ಲ. ಗಂಜಿಗಿರಬೇಕು ಅಂತ ನಾನೂ ವಸಿ ನಾಲಿಗೆಗೆ ಮುಟ್ಟಿಸಿ ನೋಡ್ದೆ. ಏನಮ್ಮಾ, ಓದ್ದೋರು ನೀವು, ಬಿಳೀ ಬಟ್ಟೆಗೂ ಯಾರಾದ್ರೂ ಇಷ್ಟೊಂದು ಉಪ್ಪಾಕ್ತಾರಾ?"