ಮೂರು ದಿನ ಅಲುಗಾಡದ ಆರು

ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ ಮಷೀನು ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರನ್ನು ನಾನು ಕಾಕಾ ಎನ್ನುತ್ತಿದ್ದೆ. ಸಂಬಂಧವೇನೂ ಇರಲಿಲ್ಲ. ರಾಣೇಬೆನ್ನೂರಿನ ಸಣ್ಣ ವರ್ಕ್‌ಶಾಪೊಂದರಲ್ಲಿ ನನಗೆ ಕೆಲಸ. ಹಾವೇರಿಯಿಂದ ದಿನಾ ಬಸ್ಸಿಗೆ ಹೋಗಿಬರುತ್ತಿದ್ದೆ. ಕೋಣೆ ಎಷ್ಟು ತಂಪಿದೆ ಎಂದು ನೋಡಿ ತಾನೇ ತಂಪಿನ ಮಷೀನು, ಅಂದರೆ ಕಂಪ್ರೆಸರ್, ಚಾಲೂ-ಬಂದ್ ಮಾಡುವ ಪೆಟ್ಟಿಗೆಗಳನ್ನು ಅಲ್ಲಿ ಮಾಡುತ್ತಿದ್ದೆವು. ಕಾಕಾನ ಸ್ಟೋರೇಜಿನಲ್ಲೂ ನಮ್ಮದೇ ಪೆಟ್ಟಿಗೆ ಇತ್ತು. ಪೆಟ್ಟಿಗೆಯೊಳಗೆ ಪುಟ್ಟ ಕಂಪ್ಯೂಟರು. ಅದರ ತೀರ ಒಳಗಿನ ತಂತ್ರಾಂಶ ಕರ್ನಲ್. ತಂಪು ಅಳೆಯುವ ಸೆನ್ಸರ್ ಕಾರ್ಡಿನ ಮಾತನ್ನು ಕರ್ನಲ್ಲಿಗೆ ತಿಳಿಸುವ ಡ್ರೈವರ್ ಬರೆಯುವುದು ನನ್ನ ಪಾಲಿನ ಕೆಲಸ.

ಮೊದಮೊದಲು ಕಾರ್ಡು ಒಮ್ಮೊಮ್ಮೆ ಉತ್ತರ ಕೊಡುತ್ತಿರಲಿಲ್ಲ. ಪರದೆಯ ಮೇಲೆ ಅಂಕಿ ಮಾಯವಾದರೆ ಗಿರಾಕಿಗಳಿಗೆ ಗಾಬರಿ. 'ಪರದಿ ಖಾಲಿ ಕಾಣಬಾರದು ನೋಡವ್ವಾ' ಎಂದರು ವರ್ಕ್‌ಶಾಪಿನ ಮಾಲೀಕರು. ಉತ್ತರ ಬರದಿದ್ದರೆ ಹಿಂದಿನ ಸಲದ ಅಂಕಿಯನ್ನೇ ಮತ್ತೆ ಕೊಡುವಂತೆ ಬರೆದುಬಿಟ್ಟೆ. ನಾಲ್ಕು ಸಾಲಿನ ಕೆಲಸ. ಹಾಗೆ ಎಷ್ಟು ಸಲ ಆಯಿತೆಂದು ಎಲ್ಲಿಯೂ ಎಣಿಸಲಿಲ್ಲ.

ಒಂದು ಬೇಸಿಗೆಯ ಮುಂಜಾನೆ ಕಾಕಾ ಫೋನ್ ಮಾಡಿದರು.

'ಯವ್ವಾ, ನಿನ್ನಿಯಿಂದ ಮಷೀನು ದನೀನ ಎತ್ತವಲ್ದು. ಒಳಗ ಹೋದ್ರ ತಂಪು ಮೈಗೆ ಹತ್ತವಲ್ದು. ಕೈಲೆ ಚಾಲೂ ಮಾಡ್ಲೇನು?'

ಬ್ಯಾಡಗಿಯ ಪೆಟ್ಟಿಗೆಯ ಅಂಕಿ ಇಂಟರ್ನೆಟ್ಟಿನ ಮೇಲೆ ನಮಗೂ ಬರುತ್ತಿತ್ತು; ನಾನು ರಾಣೇಬೆನ್ನೂರಿನಲ್ಲೇ ಕುಳಿತು ನನ್ನ ಪರದೆ ನೋಡಿದೆ. ಆರು ಡಿಗ್ರಿ.

'ಇಲ್ಲಿ ಆರ ತೋರಸಾಕತ್ತೈತ್ರಿ ಕಾಕಾ. ಕೈ ಹಚ್ಚಬ್ಯಾಡ್ರಿ.'

'ಹೌದಾ? ಹಂಗಾರ ನನ್ನ ಮೈಗೇ ಏನರ ಆಗಿರಬೇಕು.'

ಮರುದಿನವೂ ಕೇಳಿದರು, ಅದರ ಮರುದಿನವೂ. ಅವರ ಹಳೆಯ ಗಾಜಿನ ಥರ್ಮಾಮೀಟರು ಒಡೆದು ತಿಂಗಳುಗಳಾಗಿದ್ದವು. ಪರದೆ ಇದೆಯಲ್ಲ ಎಂದು ಯಾರೂ ಹೊಸದು ತಂದಿರಲಿಲ್ಲ. ಮೂರನೆಯ ದಿನ ನನಗೆ ಬೇಸರ ಬಂತು. 'ಪೆಟ್ಟಿಗಿ ಸುಳ್ಳು ಹೇಳ್ತೈತೇನ್ರಿ ಕಾಕಾ?' ಎಂದೆ. ಅವರು ಫೋನ್ ಇಟ್ಟರು. ಮೂರು ದಿನ ಒಂದು ಬಿಂದುವೂ ಅಲುಗಾಡದ ಆರು. ಯಾವ ಕೋಣೆಯೂ ಹಾಗೆ ನಿಲ್ಲುವುದಿಲ್ಲ ಎಂಬುದು ನನಗೆ ಹೊಳೆಯಬೇಕಿತ್ತು. ನಾನು ಅದನ್ನು ನನ್ನ ಕೆಲಸದ ಅಚ್ಚುಕಟ್ಟು ಎಂದುಕೊಂಡಿದ್ದೆ.

ನಾಲ್ಕನೆಯ ದಿನ ಕರೆಂಟು ಹೋಗಿ ಬಂತು, ಪೆಟ್ಟಿಗೆ ಹೊಸದಾಗಿ ಶುರುವಾಯಿತು, ಮಷೀನೂ ಎದ್ದಿತು. ಪರದೆಯಲ್ಲಿ ಅಂಕಿ ಒಮ್ಮೆಲೇ ಮೇಲೆ ಜಿಗಿದು ನಿಧಾನಕ್ಕೆ ಇಳಿಯಿತು. ಕರೆಂಟು ಹೋಗಿದ್ದಕ್ಕೆ ಹಾಗಾಯಿತೆಂದು ಎಲ್ಲರೂ ಅಂದುಕೊಂಡೆವು.

ಕೆಲವು ವಾರಗಳಾದ ಮೇಲೆ ಚೀಲ ಬಿಚ್ಚಿದಾಗ ಮೆಣಸಿನಕಾಯಿಯ ಬಣ್ಣ ಮಾಸಿತ್ತು, ಬೂಸಲು ಹತ್ತಿತ್ತು. ಸ್ಟೋರೇಜಿನ ಸಾಹುಕಾರರು ನನ್ನನ್ನು ಕರೆಸಿದರು. ಹಮಾಲರೆಲ್ಲ ಸುತ್ತ ನಿಂತಿದ್ದರು. ದಾಖಲೆ ತೆಗೆದು ತೋರಿಸಿದೆ. ಆರು, ಆರು, ಆರು. 'ಪೆಟ್ಟಿಗಿಯೊಳಗ ದೋಷ ಇಲ್ರಿ' ಎಂದೆ. ಹಾಗಾದರೆ ಕಾಯಿ ಸರಿಯಾಗಿ ಒಣಗದ ಹಸಿ ಚೀಲಗಳನ್ನು ನೋಡದೆ ಒಳಗೆ ಬಿಟ್ಟವರು ಕಾಕಾನೇ ಎಂದಾಯಿತು. ಚೀಲ ಪರೀಕ್ಷೆ ಮಾಡುವುದೂ ಅವರ ಕೆಲಸವೇ ಆಗಿತ್ತು. ಕಾಕಾ ನನ್ನ ಮುಖ ನೋಡಿದರು. ಮೂರು ಸಲ ಫೋನ್ ಮಾಡಿದ್ದನ್ನು ಹೇಳಲಿಲ್ಲ. ನಾನೂ ಹೇಳಲಿಲ್ಲ. ಪ್ರಾಯದಿಂದ ದುಡಿದ ಜಾಗ ಬಿಟ್ಟು ಅವರು ಅಂದೇ ತಮ್ಮೂರು ಕುಪ್ಪೇಲೂರಿಗೆ ಹೋದರು.

ಮಳೆಗಾಲ ಮುಗಿಯುವ ಹೊತ್ತಿಗೆ ಹಾವೇರಿಯ ಇನ್ನೊಂದು ಸ್ಟೋರೇಜಿಗೆ ರಿಪೇರಿಗೆ ಹೋದೆ. ಇಲಿ ಕಡಿದ ಸೆನ್ಸರ್ ವೈರಿನ ತುಂಡು ನನ್ನ ಕೈಯಲ್ಲಿ ಜೋತಾಡುತ್ತಿತ್ತು. ಪರದೆ ಮಾತ್ರ ನೆಮ್ಮದಿಯಿಂದ ಏಳು ಡಿಗ್ರಿ ತೋರಿಸುತ್ತಿತ್ತು. ನಾನೇ ಬರೆದ ನಾಲ್ಕು ಸಾಲು, ಬ್ಯಾಡಗಿಯ ಆರು, ಎರಡೂ ಒಟ್ಟಿಗೆ ನೆನಪಾದವು.

ಆ ವಾರವೆಲ್ಲ ಡ್ರೈವರನ್ನು ತಿದ್ದಿದೆ. ಹಳೆಯ ಅಂಕಿ ಕೊಡುವ ಸಾಲುಗಳನ್ನು ತೆಗೆದೆ. ಕಾರ್ಡನ್ನು ಎಷ್ಟು ಸಲ ಕೇಳಿದೆ, ಎಷ್ಟು ಸಲ ಉತ್ತರ ಬಂತು, ಎಷ್ಟು ಸಲ ಬರಲಿಲ್ಲ, ಕೊನೆಯ ಖರೇ ಉತ್ತರ ಬಂದು ಎಷ್ಟು ಹೊತ್ತಾಯಿತು, ಇವನ್ನೆಲ್ಲ ಎಣಿಸಿ, ಕರ್ನಲ್ಲಿನ ಹೊರಗೆ ಯಾರು ಬೇಕಾದರೂ ತೆರೆದು ಓದುವಂಥ ಫೈಲಿನಲ್ಲಿ ಇಟ್ಟೆ. ಬ್ಯಾಡಗಿಯ ಪೆಟ್ಟಿಗೆಗೂ ಅದನ್ನೇ ಹಾಕಿದೆ. ಎರಡನೆಯ ದಿನ ಮಧ್ಯಾಹ್ನ ಕಂಪ್ರೆಸರ್ ಬಂದ್ ಆದ ಗಳಿಗೆಗೆ ಕಾರ್ಡು ಮೂಕವಾಯಿತು. ಉತ್ತರ ಬಾರದ ಲೆಕ್ಕ ನನ್ನ ಕಣ್ಣೆದುರೇ ಏರುತ್ತ ಹೋಯಿತು. ಪೆಟ್ಟಿಗೆ ಆರಿಸಿ ಹಚ್ಚುವವರೆಗೂ ಕಾರ್ಡು ಮತ್ತೆ ಬಾಯಿ ಬಿಡಲಿಲ್ಲ. ಬೇಸಿಗೆಯಲ್ಲಿ ಕರೆಂಟು ಹೋಗಿ ಬಂದಾಗ ಆಗಿದ್ದೂ ಇದೇ.

'ಆಗಿದ್ದು ಆತು, ಬಿಟ್ಟಬಿಡವ್ವಾ' ಎಂದರು ನಮ್ಮ ಮಾಲೀಕರು. ನಾನು ನೇರ ಸಾಹುಕಾರರ ಬಳಿ ಹೋಗಿ, ಫೋನಿನ ವಿಷಯವೂ ಸೇರಿ ಎಲ್ಲ ಹೇಳಿದೆ. 'ಅವ್ರನ್ನ ಕರಕೊಂಡ ಬಾ' ಎಂದರು.

ಕುಪ್ಪೇಲೂರಿನಲ್ಲಿ ಕಾಕಾ ಕಟ್ಟೆಯ ಮೇಲೆ ಕುಳಿತು ಶೇಂಗಾ ಬಿಡಿಸುತ್ತಿದ್ದರು. ನಾನು ಹೇಳಿ ಮುಗಿಸುವವರೆಗೂ ಕೈ ನಿಲ್ಲಿಸಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, 'ಹಗಲೂ ರಾತ್ರಿ ಒಂದ ಮಾತು, ನಾ ಹಸಿ ಚೀಲ ಬಿಟ್ಟೇನೇನ ಅಂತ ನನ್ನ ಕೇಳ್ತಿದ್ರವ್ವಾ' ಎಂದರು.

'ಈಗರ ಅದು ಖರೇ ಹೇಳ್ತೈತೇನು?' ಎಂದು ಕಾಕಾ ಕೇಳಿದರು.

'ಗೊತ್ತಿಲ್ಲದಾಗ ಗೊತ್ತಿಲ್ಲ ಅಂತೈತ್ರಿ.'

ಅವರು ಬಂದರು. ಮೊದಲ ದಿನ ಕಂಪ್ರೆಸರಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ನಿಂತರು. ಆಮೇಲೆ ತಿರುಗಿ ನನ್ನನ್ನೇ ಕೇಳಿದರು: 'ದನಿ ಹೆಂಗೈತಿ?'

'ನೀವ ಹೇಳ್ರಿ ಕಾಕಾ.'

'ತಿಳಿವಲ್ದು ಯವ್ವಾ. ಮೊದಲ ಹೊರಗಿಂದನ ಹೇಳ್ತಿದ್ದೆ. ಈಗ ಏನ ಕೇಳಿದ್ರೂ ನನ್ನ ಕಿವೀದ ತಪ್ಪೇನೋ ಅನಸ್ತೈತಿ.'

ಗಳಿಗೆಗೊಮ್ಮೆ ಪರದೆಯ ಮುಂದೆ ಹೋಗಿ ನಿಲ್ಲುತ್ತಿದ್ದರು. ಒಂದು ವಾರ ಹಾಗೆ ಮಾಡಿ, ಸಾಹುಕಾರರು ಬೇಡವೆಂದರೂ ಕೇಳದೆ ಕೆಲಸ ಬಿಟ್ಟರು. ರಾಣೇಬೆನ್ನೂರಿನ ತನಕ ಅವರ ಜೊತೆ ಬಂದೆ. ಕ್ಷಮೆ ಕೇಳಲು ಬಸ್ ಸ್ಟ್ಯಾಂಡಿನಲ್ಲಿ ಬಾಯಿ ತೆರೆದೆ. 'ಲಗೂ ಮನಿಗೆ ಹೋಗು, ಹೊತ್ತಾಗೈತಿ' ಎಂದು ಅವರು ಕುಪ್ಪೇಲೂರು ಬಸ್ಸು ಹತ್ತಿದರು. ಹೊರಡುವಾಗ ನಾನು ಕೈ ಎತ್ತಿದೆ. ಅವರು ಆಚೆ ಬದಿಯ ಕಿಟಕಿಗೆ ಮುಖ ಮಾಡಿ ಕುಳಿತಿದ್ದರು.